ಕಿರುಬಿಲ್ಲೆಯೊಳಗಿನ ಬಳೆ

ಡೆಂಗಿ ಜ್ವರ ಬಂದ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬುದು. ಎಣಿಕೆಗಾಗಿ ಇಷ್ಟು ಕಳವಳಪಡುವ ನಾವು ಆ ಕಣದ ಆಕಾರವನ್ನು ಕುರಿತು ಯೋಚಿಸುವುದಿಲ್ಲ. ಅದನ್ನು ಅರಿತರೆ, ಪ್ಲೇಟ್‌ಲೆಟ್ ದಾನವು ಏಕೆ ವರ್ಷವಿಡೀ ನಡೆಯಬೇಕೆಂಬುದೂ ತಿಳಿಯುತ್ತದೆ.

ಕಿರುಬಿಲ್ಲೆಗಳೆಂದೂ ಕರೆಯಲಾಗುವ ಪ್ಲೇಟ್‌ಲೆಟ್‌ಗಳು ಮೂಳೆಮಜ್ಜೆಯ ದೊಡ್ಡ ಕೋಶಗಳಿಂದ ಕಳಚಿಬರುವ ತುಣುಕುಗಳು. ಇವುಗಳ ಅಗಲ ಕೇವಲ 2ರಿಂದ 3 ಮೈಕ್ರೋಮೀಟರ್. ಆಯುಷ್ಯ 7ರಿಂದ 10 ದಿನ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ.

ವಿಶ್ರಾಂತ ಸ್ಥಿತಿಯಲ್ಲಿ ಕಿರುಬಿಲ್ಲೆಯು ಚಪ್ಪಟೆಯಾಗಿರುತ್ತದೆ. ಅದರ ಅಂಚಿನ ಒಳಗೆ ಟ್ಯುಬುಲಿನ್ ಎಂಬ ಪ್ರೋಟೀನಿನಿಂದಾದ ಸೂಕ್ಷ್ಮನಾಳಿಕೆಗಳು ಹಲವು ಸುತ್ತಿನ ಬಳೆಯಾಗಿ ನಿಂತಿವೆ. ಜರಡಿಯ ಬಲೆಯನ್ನು ಅದರ ಸುತ್ತುಪಟ್ಟಿ ಬಿಗಿಯಾಗಿ ಹಿಡಿದಿರುವಂತೆ, ಈ ಬಳೆಯು ಕಣವನ್ನು ಅಗಲವಾಗಿ ಹಿಡಿದಿರುತ್ತದೆ. ಟ್ಯುಬುಲಿನ್‌ನ ಒಂದು ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿರುವ ಕೆಲವರಲ್ಲಿ ಕಿರುಬಿಲ್ಲೆಗಳು ದೊಡ್ಡದಾಗಿ, ದುಂಡಗಾಗಿ, ಸಂಖ್ಯೆಯಲ್ಲಿಯೂ ಕಡಿಮೆಯಾಗಿರುತ್ತವೆ.

ರಕ್ತನಾಳಕ್ಕೆ ಗಾಯವಾದಾಗ ಈ ಬಳೆಯು ಒಳಕ್ಕೆ ಕುಗ್ಗುತ್ತದೆ, ಕಣವು ದುಂಡಗಾಗುತ್ತದೆ. ಆಕ್ಟಿನ್ ಎಂಬ ಮತ್ತೊಂದು ಪ್ರೋಟೀನಿನ ಎಳೆಗಳು ಮುಳ್ಳುಗಳಂತೆ ಹೊರಚಾಚುತ್ತವೆ. ಹೀಗೆ ಕಣಗಳು ಗಾಯಕ್ಕೂ ಒಂದಕ್ಕೊಂದೂ ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ.

ಈ ಬಳೆಗೆ ಚಳಿಯನ್ನು ತಾಳುವ ಶಕ್ತಿಯಿಲ್ಲ. 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸೂಕ್ಷ್ಮನಾಳಿಕೆಗಳು ಬಿಡಿಬಿಡಿಯಾಗಿ ಕಳಚಿ, ಕಣವು ಚಪ್ಪಟೆ ರೂಪವನ್ನು ಕಳೆದುಕೊಳ್ಳುತ್ತದೆ. ಅದರ ಹೊರಮೈಯೂ ಮಾರ್ಪಡುವುದರಿಂದ, ಹಾಗೆ ತಂಪಾಗಿಸಿದ ಕಣಗಳನ್ನು ರೋಗಿಗೆ ಕೊಟ್ಟರೆ ಯಕೃತ್ತು ಅವುಗಳನ್ನು ಬೇಗನೆ ತೆಗೆದುಹಾಕುತ್ತದೆ. ಕೆಂಪು ರಕ್ತಕಣಗಳನ್ನು ತಂಪಿನಲ್ಲಿ ಐದಾರು ವಾರ ಇಡಬಹುದು. ಕಿರುಬಿಲ್ಲೆಗಳನ್ನಾದರೋ 20ರಿಂದ 24 ಡಿಗ್ರಿಯಲ್ಲಿ, ಮೆಲ್ಲನೆ ಅಲುಗಾಡಿಸುತ್ತ, ಸಾಮಾನ್ಯವಾಗಿ 5 ದಿನ ಮಾತ್ರ ಇಡುತ್ತಾರೆ. ಅಂದರೆ ಕಳೆದ ತಿಂಗಳ ಶಿಬಿರದ ದಾನವು ಇಂದಿನ ರೋಗಿಗೆ ಒದಗುವುದಿಲ್ಲ.

ಡೆಂಗಿಯಲ್ಲಿ ಎಣಿಕೆ ಇಳಿದ ಎಲ್ಲರಿಗೂ ಪ್ಲೇಟ್‌ಲೆಟ್ ಕೊಡಬೇಕಾಗಿಲ್ಲ. ರಕ್ತಸ್ರಾವವಿದ್ದಾಗ ಅಥವಾ ಎಣಿಕೆ ತೀರ ಕುಸಿದಾಗ ವೈದ್ಯರು ನಿರ್ಧರಿಸುತ್ತಾರೆ. ಜ್ವರವಿರುವಾಗ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವಾಗಿಯೇ ಸೇವಿಸಬಾರದು. ಅನಗತ್ಯ ಬೇಡಿಕೆಯನ್ನು ಬಿಟ್ಟರೆ, ಆ ಚೀಲವು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮತ್ತೊಬ್ಬರಿಗೆ ಒದಗೀತು.

ಅನ್ನದಾಸೋಹದ ಒಲೆಯನ್ನು ದಿನವೂ ಹೊತ್ತಿಸಬೇಕು. ನಿನ್ನೆಯ ಅಡುಗೆ ಇಂದಿನ ಹಸಿವಿಗೆ ಸಾಲದು. ಪ್ಲೇಟ್‌ಲೆಟ್ ದಾನವೂ ಹಾಗೆಯೇ. 18ರಿಂದ 60 ವರ್ಷದೊಳಗಿನ ಆರೋಗ್ಯವಂತ ಸದ್ಭಕ್ತರು ಸಮೀಪದ ರಕ್ತನಿಧಿಯಲ್ಲಿ ಹೆಸರು ನೋಂದಾಯಿಸಿ, ಕರೆ ಬಂದಾಗ ಹೋಗಿ ನೀಡುವುದೇ ಈ ದಾಸೋಹದ ರೀತಿ.