ಬೂಚು ಕೊಳ್ಳುವ ಮೊದಲು

ತಮ್ಮಾ, ಸಿಂಧನೂರಿನ ಬಸ್ಸಿನಲ್ಲಿ ಮೊಬೈಲ್ ಹಿಡಿದು ತೋರಿಸಿದೆಯಲ್ಲ, ಮಲದ ಚೀಲ ಬಿಟ್ಟು ಸ್ಟೋಮಾಕ್ಕೆ, ಅಂದರೆ ಹೊಟ್ಟೆಯ ಮೇಲೆ ತೆಗೆದ ಕರುಳಿನ ಬಾಯಿಗೆ, ಬೂಚು ಹಾಕಿಕೊಂಡು ಓಡಾಡುವವನನ್ನು, ಅದು ಸುಳ್ಳಲ್ಲ. ಒತ್ತಿ ಸಣ್ಣದು ಮಾಡಿದ ಸ್ಪಂಜು ಅದು. ಒಳಗೆ ಹೋದ ಮೇಲೆ ಮೇಲಿನ ತೆಳು ಪೊರೆ ಕರಗಿ ಅರಳಿಕೊಳ್ಳುತ್ತದೆ. ಗಾಳಿ ಮಾತ್ರ ಇದ್ದಿಲಿನಲ್ಲಿ ಸೋಸಿ, ವಾಸನೆ ಕಳೆದುಕೊಂಡು ಹೊರಬರುತ್ತದೆ. ಹೆಚ್ಚೆಂದರೆ 12 ತಾಸು. ಮಸ್ಕಿಯಲ್ಲಿ ಒಂದು ಮದುವೆ ಮುಗಿಸಿ ಬರಲು ಸಾಕು, ದಿನಬೆಳಗಾದರೆ ಅದನ್ನೇ ನಂಬಲಾಗದು.

ಮೊದಲು ನಿನ್ನ ಡಿಸ್ಚಾರ್ಜ್ ಚೀಟಿ ತೆಗೆದು ಓದಿಸು. ದೊಡ್ಡ ಕರುಳಿನ ಎಡಭಾಗದ ಕೊನೆಯಲ್ಲಿ ಬಾಯಿ ತೆಗೆದಿದ್ದರೆ, ಅಷ್ಟರಲ್ಲಿ ಕರುಳು ನೀರು ಹೀರಿಕೊಂಡು ಮಲ ಗಟ್ಟಿಯಾಗಿರುತ್ತದೆ. ಬಲಗಡೆಯದೋ ಸಣ್ಣ ಕರುಳಿನದೋ ಆದರೆ ತೆಳ್ಳಗೆ ಹರಿಯುತ್ತಲೇ ಇರುತ್ತದೆ. ಆಗ ಬೂಚೂ ಬೇಡ, ಈಗ ನಾನು ಹೇಳುವುದೂ ಬೇಡ.

ಇಷ್ಟು ವರ್ಷ ಚೀಲ ಕಟ್ಟಿಕೊಂಡವನ ಮಾತು ಕೇಳುವುದಾದರೆ, ನೀರು ಹಾಕಿ ತೊಳೆಯುವ ಹಳೆಯ ಉಪಾಯವೇ ಮೇಲು. ಭುಜದ ಮಟ್ಟಕ್ಕೆ ನೀರಿನ ಚೀಲ ತೂಗುಹಾಕಿ, ಸ್ಟೋಮಾಕ್ಕೆ ಮೆತ್ತನೆಯ ಕೋನ್ ಇಟ್ಟು ಅರ್ಧದಿಂದ ಒಂದು ಲೀಟರಿನಷ್ಟು ಉಗುರುಬೆಚ್ಚನೆಯ ನೀರು ನಿಧಾನ ಬಿಟ್ಟರೆ, ಕರುಳು ಉಬ್ಬಿ ತಾನೇ ಹಿಂಡಿಕೊಂಡು ಖಾಲಿಯಾಗುತ್ತದೆ. ತಾಸೊತ್ತಿನ ಕೆಲಸ. ರೂಢಿಯಾದರೆ ಮರುದಿನದವರೆಗೆ, ಕೆಲವರಿಗೆ ಎರಡು ದಿನ, ಸಣ್ಣ ಮುಚ್ಚಳವಿದ್ದರೆ ಸಾಕು. ಕಾಲುವೆ ನೀರು ಮುಟ್ಟಬೇಡ, ಕುಡಿಯುವ ನೀರೇ ಆಗಬೇಕು. ಹೊಟ್ಟೆ ನುಲಿದರೆ ಅಲ್ಲಿಗೇ ನಿಲ್ಲಿಸು. ಮೊದಲ ಸಲ ಒಬ್ಬನೇ ಕೂರಬೇಡ. ಆಪರೇಷನ್ ಮಾಡಿದ ಡಾಕ್ಟರು ಒಪ್ಪಬೇಕು, ಕಲಿತ ನರ್ಸ್ ಎದುರಿಗಿರಬೇಕು. ಲಿಂಗಸುಗೂರಿನಲ್ಲಿ ಅಂಥವರು ಸಿಗದಿದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ ಸರ್ಜರಿ ವಿಭಾಗದಲ್ಲಿ ಕೇಳು. ಸ್ಟೋಮಾದ ಪಕ್ಕ ಹರ್ನಿಯಾ ಉಬ್ಬಿದ್ದರೆ ಇದು ಆಗುವುದಿಲ್ಲ. ಭತ್ತದ ಚೀಲ ಹೊರಬೇಡ ಅಂತ ಬಡಕೊಳ್ಳುವುದು ಅದಕ್ಕೇ.

ಹೊಸತೆಂದರೆ ಬಾಯಿ ಬಿಡುವವರಿಗೆ ಇನ್ನೊಂದು ಮಾತು. 1970ರ ದಶಕದಲ್ಲಿ ಜರ್ಮನಿಯ ಸರ್ಜನ್ನರು ಚರ್ಮದಡಿ ಅಯಸ್ಕಾಂತದ ಉಂಗುರ ಕೂರಿಸಿ, ಮೇಲೆ ಅಯಸ್ಕಾಂತದ ಮುಚ್ಚಳ ಕಚ್ಚಿಸಿದರು. ಕೇಳಲು ಚಂದ! ಎಷ್ಟೋ ಜನಕ್ಕೆ ಕೀವು ತುಂಬಿ ಉಂಗುರ ಕಿತ್ತುಹಾಕಬೇಕಾಯಿತು.

ಆನ್‌ಲೈನಿನಲ್ಲಿ ಡಬ್ಬಿಗಟ್ಟಲೆ ಬೂಚು ತರಿಸಬೇಡ, ಅಳತೆ ಕೂಡಬೇಕಲ್ಲ. ಭೇದಿ ಹತ್ತಿದ ದಿನ ಬೂಚಿಗೂ ನೀರಿಗೂ ರಜೆ ಕೊಟ್ಟು ಚೀಲ ಹಾಕಿಕೋ. ಉಳಿದ ದಿನವೂ ಬಸ್ ಹತ್ತುವಾಗ ಜೇಬಿನಲ್ಲಿ ಒಂದು ಚೀಲ ಇರಲಿ.