ಸಹಲೇಖನದಲ್ಲಿ ಪ್ರತಿಗಳ ವ್ಯವಸ್ಥೆ

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸರು ದೊರೆತ ಓಲೆಯ ಪ್ರತಿಗಳನ್ನೆಲ್ಲ ಒಟ್ಟಿಗಿಟ್ಟು ಪಾಠಾಂತರಗಳನ್ನು ಗುರುತಿಸುತ್ತಾರೆ. ಯಾವುದು ಕವಿಯ ಪಾಠ, ಯಾವುದು ಲಿಪಿಕಾರನ ಕೈತಪ್ಪು ಎಂದು ನಿರ್ಣಯಿಸುವುದು ಸುಲಭವಲ್ಲ. ತಿದ್ದಿದವನು ಯಾರು, ಏಕೆ ತಿದ್ದಿದನು ಎಂಬುದನ್ನು ಓಲೆಯು ಸಾಮಾನ್ಯವಾಗಿ ಹೇಳುವುದಿಲ್ಲ.

ಶತಮಾನಗಳಲ್ಲಿ ಬೆಳೆದ ಈ ತೊಡಕನ್ನು ನಾವು ಒಂದೇ ವಾರದಲ್ಲಿ ಸೃಷ್ಟಿಸಿಕೊಳ್ಳುತ್ತೇವೆ. ಅಧ್ಯಾಪಕರೊಬ್ಬರೂ ಇಬ್ಬರು ವಿದ್ಯಾರ್ಥಿಗಳೂ ಸೇರಿ ಸಂಶೋಧನ ಲೇಖನವೊಂದನ್ನು ಬರೆಯುತ್ತಿರುವರೆನ್ನೋಣ. ಒಬ್ಬರಲ್ಲಿ ‘ಕೊನೆಯ ಪ್ರತಿ’, ಮತ್ತೊಬ್ಬರಲ್ಲಿ ‘ತಿದ್ದಿದ ಕೊನೆಯ ಪ್ರತಿ’! ಕೋಷ್ಟಕದಲ್ಲಿ 42 ಇದ್ದುದು 24 ಆಗಿದ್ದರೆ, ಅದು ತಿದ್ದುಪಡಿಯೋ ಕೈತಪ್ಪೋ ಹೇಳಬಲ್ಲವರಾರು?

ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವರು ಈ ಕಷ್ಟವನ್ನು ಮೊದಲೇ ಕಂಡವರು. 1982ರ ಸುಮಾರಿಗೆ ಬಂದ ‘ಆರ್‌ಸಿಎಸ್’ ಎಂಬ ಸಾಧನದಲ್ಲಿ ಒಬ್ಬನು ಕಡತವನ್ನು ತಿದ್ದಲು ತೆಗೆದುಕೊಂಡರೆ ಉಳಿದವರು ಕಾಯಬೇಕಾಗಿತ್ತು. ಆಂಸ್ಟರ್‌ಡ್ಯಾಮಿನಲ್ಲಿ ಅಧ್ಯಾಪಕರಾಗಿದ್ದ ಡಿಕ್ ಗ್ರೂನೆ ಅವರು ಇಬ್ಬರು ವಿದ್ಯಾರ್ಥಿಗಳೊಡನೆ ಕೆಲಸಮಾಡುತ್ತಿದ್ದಾಗ ಮೂವರ ವೇಳೆಯೂ ಹೊಂದುತ್ತಿರಲಿಲ್ಲ. ಆದುದರಿಂದ ಅವರು ‘ಸಿವಿಎಸ್’ ಎಂಬ ಹೊಸ ಏರ್ಪಾಡನ್ನು ರಚಿಸಿ 1986ರಲ್ಲಿ ಎಲ್ಲರಿಗೂ ಒದಗಿಸಿದರು. ಇದರಲ್ಲಿ ಪ್ರತಿಯೊಬ್ಬನೂ ತನ್ನ ಪ್ರತಿಯನ್ನು ತನ್ನ ವೇಳೆಯಲ್ಲಿ ತಿದ್ದಬಹುದು. ಬಳಿಕ ತಿದ್ದುಪಡಿಗಳನ್ನು ಯಂತ್ರವೇ ಕೂಡಿಸುತ್ತದೆ. ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಮಾತ್ರ ಎರಡು ಪಾಠಗಳನ್ನೂ ಮುಂದಿಟ್ಟು ನಿರ್ಣಯವನ್ನು ಮನುಷ್ಯನಿಗೆ ಬಿಡುತ್ತದೆ. ಇಂದು ಬಹಳವಾಗಿ ಬಳಕೆಯಲ್ಲಿರುವ ‘ಗಿಟ್’ ಅನ್ನು 2005ರಲ್ಲಿ ರಚಿಸಿದವರು ಲೈನಸ್ ಟೊರ್ವಾಲ್ಡ್ಸ್. ಅದು ದಾಖಲಾದ ಪ್ರತಿಯೊಂದು ಹಂತವನ್ನೂ ತಿದ್ದಿದವರ ಹೆಸರು, ದಿನಾಂಕ, ಕಾರಣದ ಟಿಪ್ಪಣಿಗಳೊಡನೆ ಕಾದಿಡುತ್ತದೆ.

ಈ ಸಾಧನಗಳು ಸಾಲುಸಾಲಾಗಿ ಹೋಲಿಸುತ್ತವೆ. ಆದುದರಿಂದ ಕರಡಿನಲ್ಲಿ ಒಂದು ವಾಕ್ಯಕ್ಕೆ ಒಂದು ಸಾಲಿನಂತೆ ಬರೆಯುವುದು ಲೇಸು. ಯಾವ ವಾಕ್ಯ ಬದಲಾಯಿತೆಂಬುದು ಕೂಡಲೇ ತಿಳಿಯುತ್ತದೆ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನ ಸರಳ ಪಠ್ಯವನ್ನೇ ಬಳಸಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದುದು ಯಂತ್ರದೊಳಗೆ ರೋಮನ್ ಸಂಕೇತಗಳಾಗಿಯೇ ಇರುವುದರಿಂದ ಹೋಲಿಕೆಯನ್ನು ಓದಲಾಗದು.

ಗಿಟ್ ಕಲಿಯಲು ಬಿಡುವಿಲ್ಲದವರು ನಾಲ್ಕು ನಿಯಮಗಳನ್ನು ಪಾಲಿಸಿದರೆ ಸಾಕು.

1. ಎಲ್ಲರೂ ಒಪ್ಪಿದ ಮೂಲಪ್ರತಿ ಒಂದೇ ಇರಲಿ. ಅದು ಎಲ್ಲಿದೆಯೆಂಬುದು ಎಲ್ಲರಿಗೂ ತಿಳಿದಿರಲಿ.

2. ಕಡತದ ಹೆಸರಿನ ಮೊದಲಲ್ಲಿ ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ ದಿನಾಂಕವಿರಲಿ. ತಿಂಗಳನ್ನೂ ದಿನವನ್ನೂ ಎರಡೆರಡು ಅಂಕಿಗಳಲ್ಲಿ ಬರೆದರೆ ಪ್ರತಿಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ‘ಕೊನೆಯದು’ ಎಂಬ ಮಾತು ಬೇಡ.

3. ಯಾರು, ಎಂದು, ಏನನ್ನು, ಏಕೆ ತಿದ್ದಿದರೆಂದು ಜೊತೆಯ ಹಾಳೆಯಲ್ಲಿ ಒಂದೊಂದು ಸಾಲು ಬರೆಯಲಿ.

4. ಪತ್ರಿಕೆಗೆ ಕಳುಹಿಸಿದ ಪ್ರತಿಯನ್ನು ಮತ್ತೆ ಮುಟ್ಟದಂತೆ ಪ್ರತ್ಯೇಕವಾಗಿಡಲಿ.

ಮೂರನೆಯ ನಿಯಮವೇ ಹೆಚ್ಚು ಮುಖ್ಯವಾದುದು. ‘ಕೆಲವು ತಿದ್ದುಪಡಿ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಎರಡನೆಯ ಕೋಷ್ಟಕದ 24ನ್ನು ಕ್ಷೇತ್ರಕಾರ್ಯದ ಪುಸ್ತಕ ನೋಡಿ 42 ಮಾಡಿದೆ’ ಎಂದರೆ ಆರು ತಿಂಗಳ ಮೇಲೂ ಉತ್ತರ ಸಿಕ್ಕುತ್ತದೆ.

ಇದು ಕೇವಲ ಅನುಕೂಲದ ಮಾತೆಂದು ತಿಳಿಯಬಾರದು. ಲೇಖನದ ಮೇಲೆ ಹೆಸರು ಹಾಕುವವರೆಲ್ಲರೂ ಅದರ ಮಾತಿಗೆ ಹೊಣೆಗಾರರು. ಯಾವ ಅಂಕಿ ಎಲ್ಲಿಂದ ಬಂದಿತೆಂದು ತೋರಿಸಲಾರದವರು ಆ ಹೊಣೆಯನ್ನು ಹೇಗೆ ಹೊತ್ತಾರು? ಅಲ್ಲದೆ, ಕಿರಿಯ ವಿದ್ಯಾರ್ಥಿಯು ಮಾಡಿದ ಕೆಲಸವು ಹಿರಿಯರ ಹೆಸರಿನಲ್ಲಿ ಮರೆಯಾಗದಂತೆ ಈ ದಾಖಲೆಯು ಸಾಕ್ಷಿ ನುಡಿಯುತ್ತದೆ. ತಪ್ಪು ನುಸುಳಿದಾಗ ನಿರಪರಾಧಿಯ ಮೇಲೆ ಸಂದೇಹ ಬೀಳದಂತೆಯೂ ಕಾಪಾಡುತ್ತದೆ. ಆದುದರಿಂದ ಒಟ್ಟಾಗಿ ಬರೆಯಲು ಕುಳಿತವರು ಮೊದಲ ವಾಕ್ಯಕ್ಕೆ ಮುನ್ನವೇ ಪ್ರತಿಗಳ ವ್ಯವಸ್ಥೆಯನ್ನು ಮಾತನಾಡಿಕೊಳ್ಳುವುದು ಉಚಿತ.