ಸೂಟ್‌ಕೇಸ್ ಬರುವ ಮೊದಲೇ ಲೆಕ್ಕ

2024ರ ಮಳೆಗಾಲದ ಒಂದು ರಾತ್ರಿ. ದೆಹಲಿಯ ವಿಮಾನ ತಡವಾಗಿ, ನಾವಿಬ್ಬರೂ ದೇವನಹಳ್ಳಿಯಲ್ಲಿ ಇಳಿದಾಗ ಒಂದೂವರೆ ಗಂಟೆ. ಹೊರಗೆ ಬಂದ ಕೂಡಲೇ ಒಬ್ಬ, ‘ಯಾವ ಏರಿಯಾ ಸಾರ್? ಗಾಡಿ ರೆಡಿ ಇದೆ’ ಎಂದು ಸೂಟ್‌ಕೇಸ್ ಎತ್ತಿಕೊಂಡೇಬಿಟ್ಟ. ನಿದ್ದೆಗಣ್ಣಲ್ಲಿ ‘ಜಯನಗರ’ ಅಂದೆ. ಮನೆ ಮುಂದೆ ಇಳಿದ ಮೇಲೆ ಅವನು ಕೇಳಿದ್ದು 2,200 ರೂಪಾಯಿ. ಅಪರಾತ್ರಿ ಗೇಟಿನೆದುರು ಜಗಳ ಬೇಡವೆಂದು ಕೊಟ್ಟೆ. ‘ಸೊಪ್ಪಿನವಳ ಹತ್ರ ಮಾತ್ರ ನಿಮ್ಮ ಚೌಕಾಸಿ’ ಎಂದಳು ಹೆಂಡತಿ.

ಮರುದಿನ ಲೆಕ್ಕ ಹಾಕಿದೆ. 2024ರ ಜನವರಿಯಲ್ಲಿ ಸರ್ಕಾರ ಗೊತ್ತುಮಾಡಿದ ದರದಂತೆ, ಹತ್ತು ಲಕ್ಷದೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರವರೆಗೆ ಶೇ 10 ಹೆಚ್ಚು. ನಮ್ಮ ಮನೆಗೆ 42 ಕಿ.ಮೀ. ಅಂದರೆ ಹಗಲಿಗೆ 1,012, ರಾತ್ರಿಗೆ ಸುಮಾರು 1,113. ಜಿಎಸ್‌ಟಿ, ಸಾದಹಳ್ಳಿ ಟೋಲ್ ಸೇರಿಸಿದರೂ ನಾನು ಕೊಟ್ಟದ್ದಕ್ಕೂ ಇದಕ್ಕೂ ಅಜಗಜಾಂತರ. ಅದು ಬಾಡಿಗೆಯಲ್ಲ, ನನ್ನ ಅವಸರಕ್ಕೆ ಬಿದ್ದ ದಂಡ.

ಈಗ ನಾನು ಸೂಟ್‌ಕೇಸಿಗೆ ಬೆಲ್ಟಿನ ಬಳಿ ಕಾಯುವಾಗಲೇ ನಿರ್ಧಾರ ಮುಗಿಸುತ್ತೇನೆ. ಆ ಹದಿನೈದು ನಿಮಿಷ ಹೇಗೂ ಖಾಲಿ. ಎರಡು ಮೂರು ಆ್ಯಪ್‌ಗಳ ದರ ನೋಡಿ ನನ್ನ ಲೆಕ್ಕದ ಪಕ್ಕದಲ್ಲಿಡುತ್ತೇನೆ. ಹೊರಗಿನ ಟ್ಯಾಕ್ಸಿಯಾದರೆ ಹತ್ತುವ ಮೊದಲು ಕೇಳುವುದು ಎರಡೇ ಪ್ರಶ್ನೆ: ಒಟ್ಟು ಎಷ್ಟು? ಟೋಲ್ ಸೇರಿದೆಯೋ ಇಲ್ಲವೋ?

ಒಬ್ಬನೇ ಇದ್ದು, ಕೈಚೀಲವಷ್ಟೇ ಇದ್ದರೆ ಟ್ಯಾಕ್ಸಿಯ ಗೊಡವೆಯೇ ಇಲ್ಲ. ಬಿಎಂಟಿಸಿಯ ವಾಯುವಜ್ರ ಕೆಐಎ-9 ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ. ಹೆಬ್ಬಾಳದಲ್ಲಿ ಬಸ್ಸೂ ಸಿಕ್ಕಿಕೊಳ್ಳುತ್ತದೆ, ನಿಜ. ಆದರೆ ಸಂಜೆಯ ಹೊತ್ತು ಮೆಜೆಸ್ಟಿಕ್‌ನಿಂದ ಜಯನಗರದ ತನಕದ ಸಿಗ್ನಲ್‌ಗಳೆಲ್ಲ ತಪ್ಪುತ್ತವೆ. ಮೂರು ನಾಲ್ಕು ಜನ ಇದ್ದರೆ ಮಾತ್ರ ಲೆಕ್ಕ ತಿರುಗುತ್ತದೆ: ಎಲ್ಲರ ಬಸ್ ಟಿಕೆಟ್ ಕೂಡಿಸಿದರೆ ಟ್ಯಾಕ್ಸಿಯೇ ಸಮ, ಮನೆ ಬಾಗಿಲಿಗೇ ಇಳಿಯಬಹುದು. ಮೈಸೂರಿನವರಂತೂ ನಗರದೊಳಗೆ ಬರಲೇಬೇಕಿಲ್ಲ, ಕೆಎಸ್‌ಆರ್‌ಟಿಸಿಯ ಫ್ಲೈಬಸ್ ವಿಮಾನ ನಿಲ್ದಾಣದಿಂದಲೇ ಹೊರಡುತ್ತದೆ.

ಇನ್ನೊಂದು ಪಾಠ ವಿಮಾನದ ಟಿಕೆಟಿನದು. ಮುನ್ನೂರು ರೂಪಾಯಿ ಉಳಿಯಿತೆಂದು ನಡುರಾತ್ರಿಯ ವಿಮಾನ ಹಿಡಿಯುತ್ತಿದ್ದೆ. ಆ ಹೊತ್ತಿಗೆ ಮೆಟ್ರೊ ಮಲಗಿರುತ್ತದೆ, ಟ್ಯಾಕ್ಸಿ ದರ ಏರಿರುತ್ತದೆ. ಆಕಾಶದಲ್ಲಿ ಉಳಿಸಿದ್ದನ್ನು ಬಳ್ಳಾರಿ ರಸ್ತೆಯಲ್ಲಿ ಕಳೆದ ಹಾಗೆ! ಈಗ ಟಿಕೆಟ್ ಕೊಳ್ಳುವಾಗ ಮನೆ ತಲುಪುವ ಖರ್ಚನ್ನೂ ಕೂಡಿಸಿಯೇ ಅಗ್ಗ ಯಾವುದೆಂದು ನೋಡುತ್ತೇನೆ.

ಮೊನ್ನೆ ಮತ್ತೆ ಅದೇ ಪ್ರಶ್ನೆ: ‘ಯಾವ ಏರಿಯಾ ಸಾರ್?’ ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕೇಳಿದಳು, ‘ಟೋಲ್ ಸೇರಿ ಎಷ್ಟಪ್ಪಾ?’